ನಾಳೆ ಊಟದ ಹೊತ್ತಿಗೆ ಬರುವ ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕಟ್ಟಿದವನು ನಮ್ಮೂರಿನವನಲ್ಲ. ನಮ್ಮೂರಿನಲ್ಲಿ ಒಡೆದ ಮುತ್ತು ಹೋಗುತ್ತದೆ, ಆಡಿದ ಮಾತು ಮರುದಿನ ಅದೇ ಹೊತ್ತಿಗೆ ತಿರುಗಿ ಬರುತ್ತದೆ. ದೊಡ್ಡ ರಸ್ತೆಯ ಪಕ್ಕದ ಕೂಗುಬಂಡೆಯ ಮುಂದೆ ನಿಂತು ಗಟ್ಟಿಯಾಗಿ ಏನು ಅಂದರೂ ಬಂಡೆ ಅದನ್ನು ಒಂದು ದಿನ ತನ್ನಲ್ಲಿಟ್ಟುಕೊಂಡು, ಒಂದಕ್ಷರ ಬಿಡದೆ, ನಡುವೆ ಕೆಮ್ಮಿದ್ದರೆ ಕೆಮ್ಮನ್ನೂ ಸೇರಿಸಿ ವಾಪಸು ಕೊಡುತ್ತದೆ. ಒಂದೇ ಸಲ ಕೊಡುತ್ತದೆ. ಮೆಲ್ಲಗೆ ಆಡಿದ್ದನ್ನು ಮಾತ್ರ ಮುಟ್ಟುವುದಿಲ್ಲ. ಯಾಕೆ ಹೀಗೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ನಿಮ್ಮೂರಿನ ಬಂಡೆ ಯಾಕೆ ಸುಮ್ಮನಿದೆ, ಅದನ್ನು ಮೊದಲು ಹೇಳಿ.

ಆ ಬಂಡೆಯ ಎದುರಿಗೇ ನನ್ನ ಖಾನಾವಳಿ. ಬೋರ್ಡಿನ ಮೇಲೆ ‘ಕೂಗುಬಂಡೆ ಖಾನಾವಳಿ, ಮಾಲಕರು ಚನ್ನವೀರಪ್ಪ’ ಎಂದಿದೆ. ಆ ಚನ್ನವೀರಪ್ಪ ನಾನೇ. ಒಳಗೆ ರೊಟ್ಟಿ ಬಡಿಯುವವಳು, ಕಡಲೆಹಿಟ್ಟಿನ ಝುಣಕ ಮಾಡುವವಳು, ಎಣ್ಣೆಗಾಯಿಗೆ ಮಸಾಲೆ ಅರೆಯುವವಳು ನನ್ನ ಹೆಂಡತಿ ಗುರುಸಿದ್ದವ್ವ. ಅವಳ ಹೆಸರು ಬೋರ್ಡಿನ ಮೇಲಿಲ್ಲ. ಜಾಗ ಸಾಲಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೆ.

ದಾರಿಹೋಕರು ಗಾಡಿ ನಿಲ್ಲಿಸಿ ಇಳಿಯುತ್ತಾರೆ. ಬಂಡೆಯ ಮುಂದೆ ನಿಂತು ತಮ್ಮ ಹೆಸರು ಕೂಗುತ್ತಾರೆ, ಮನಸ್ಸಿನಲ್ಲಿರುವವರ ಹೆಸರು ಕೂಗುತ್ತಾರೆ, ಕೆಲವರು ತಮ್ಮ ಮೇಲಧಿಕಾರಿಯನ್ನು ಬಾಯಿತುಂಬ ಬೈಯುತ್ತಾರೆ. ಅದು ತಿರುಗಿ ಬರುವುದನ್ನು ಕೇಳಬೇಕಾದರೆ ಮರುದಿನದವರೆಗೆ ಇರಲೇಬೇಕು. ಹಾಗಾಗಿ ಇಷ್ಟು ಸಣ್ಣ ಊರಿನಲ್ಲಿ ಏಳು ಲಾಡ್ಜುಗಳಿವೆ. ಮರುದಿನ ತಮ್ಮ ದನಿ ತಾವೇ ಕೇಳಿ, “ಛೇ, ನನ್ನ ಧ್ವನಿ ಇಷ್ಟು ಕೀರಲು ಐತೇನು?” ಎಂದು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಮೂವತ್ತು ವರ್ಷದಲ್ಲಿ ತನ್ನ ದನಿ ತನಗೆ ಹಿಡಿಸಿದ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ.

ಅವಸರದವರು ಕೂಗಿ, ಕಾಯದೆ ಹೊರಟುಬಿಡುತ್ತಾರೆ. ಅವರ ಕೂಗು ಮರುದಿನ ಬಂದು ನೋಡಿದರೆ ಯಜಮಾನನೇ ಇಲ್ಲ. ಇದಕ್ಕಾಗಿ ನಮ್ಮೂರಿನಲ್ಲಿ ಒಂದು ರೂಢಿಯಿದೆ. ಕೂಗಿದವನು ಇದ್ದರೆ ತನ್ನ ಕೂಗಿಗೆ ತಾನೇ ‘ಓ’ ಅನ್ನಬೇಕು, ಬೇರೆಯವರು ಬಾಯಿ ಹಾಕಬಾರದು. ಅವನಿಲ್ಲದಿದ್ದರೆ ಹತ್ತಿರ ಇದ್ದವರು ಯಾರಾದರೂ ‘ಓ’ ಅನ್ನಬೇಕು. ದಿಕ್ಕಿಲ್ಲದ ಕೂಗನ್ನು ಹಾಗೇ ಬಿಡಬಾರದೆಂದು ಹಿರಿಯರು ಹೇಳಿದ್ದಾರೆ. ನಮ್ಮ ಖಾನಾವಳಿಯಲ್ಲಿ ಈ ಕೆಲಸ ಗುರುಸಿದ್ದವ್ವನದು. “ಸರೋಜಾ!” ಎಂದು ಯಾರದೋ ಕೂಗು ಬಂದರೆ ಒಳಗಿನಿಂದ ಮೆಲ್ಲಗೆ “ಓ.” “ಲೇ, ಗಾಡಿ ಹಿಂದಕ ತಗೋಳೋ!” ಎಂದು ಡ್ರೈವರನ ದನಿ ಬಂದರೂ “ಓ.” ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಗೊತ್ತಿರಲಿಲ್ಲ, ಗಟ್ಟಿಯಾಗಿ ಅಂದುಬಿಟ್ಟಳು. ಮರುದಿನ ಅವಳ ‘ಓ’ ತಿರುಗಿ ಬಂತು. ಯಾರೋ ಕರೆದರೆಂದು ಅದಕ್ಕೂ ಗಟ್ಟಿಯಾಗಿ ‘ಓ’ ಅಂದಳು. ಎಂಟು ದಿನ ಹೀಗೇ ನಡೆಯಿತು, ಕೊನೆಗೆ ನಮ್ಮವ್ವ ಅವಳ ಬಾಯಿಗೆ ಸೆರಗು ಒತ್ತಿ ಹಿಡಿದು ಬಿಡಿಸಬೇಕಾಯಿತು.

ನಾನೇನೂ ಕಡಿಮೆಯಲ್ಲ. ಖಾನಾವಳಿ ತೆರೆದ ದಿನ “ನಾಕು ಊಟಾ, ಎರಡು ಪ್ಲೇಟ್ ಮಿರ್ಚೀ!” ಎಂದು ಒಳಗೆ ಕೂಗಿದೆ. ಮರುದಿನ ಅದು ತಿರುಗಿ ಬಂತು, ಅವಳು ಅದನ್ನೂ ಮಾಡಿ ಕಳಿಸಿದಳು. ನಾನು ದಿನಾ ಕೂಗುತ್ತಲೇ ಹೋದೆ, ಒಂದು ವಾರ ಇಡೀ ಓಣಿಗೆ ಪುಕ್ಕಟೆ ಮಿರ್ಚಿ ಭಜಿ. ಆಮೇಲಿಂದ ನಾವು ಬೆರಳಿನಲ್ಲೇ ಹೇಳಿಕೊಳ್ಳುತ್ತೇವೆ. ಕಾಯಿಪಲ್ಯೆಯ ಮಾಬೂಸಾಬನಂತೂ ಜಾಣ. ಒಂದು ದಿನ ಕೂಗುತ್ತಾನೆ, ಮರುದಿನ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಗಾಡಿ ತಳ್ಳುತ್ತಾನೆ. ನಿನ್ನೆಯ ದನಿ “ಬದನೀಕಾಯಿ” ಎನ್ನುತ್ತಿರುತ್ತದೆ, ಗಾಡಿಯಲ್ಲಿ ಬೆಂಡೆಕಾಯಿ ಇರುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಗಂಡ ಹೆಂಡಿರ ಜಗಳವೆಲ್ಲ ಕಿವಿಯಲ್ಲೇ. ಹೊರಗಿನಿಂದ ಬಂದವರು ಅದನ್ನು ನೋಡಿ, ಈ ಊರಿನಲ್ಲಿ ದಂಪತಿಗಳು ಎಷ್ಟು ಅನ್ಯೋನ್ಯ ಎಂದು ತಲೆದೂಗುತ್ತಾರೆ.

ನನ್ನ ಖಾನಾವಳಿಯ ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಬರೆಸಿದ್ದೇನೆ. ಅದರ ಕೆಳಗೆ ‘ಬಂದ ಕೂಗಿನ ಮೇಲೆ ಕೂಗಬಾರದು’ ಎಂದಿದೆ. ಎರಡನ್ನೂ ಬರೆಸಿದವನು ನಾನೇ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ನೆನಪಿಟ್ಟುಕೊಳ್ಳಲಿಲ್ಲ.

ಆ ಮಂಗಳವಾರ ಗುರುಸಿದ್ದವ್ವ ಬೆಳಗ್ಗೆಯೇ ಅಡಿಗೆ ಮುಗಿಸಿಟ್ಟು, ಬಸುರಿಯಾಗಿದ್ದ ತಂಗಿಯ ಮಗಳ ಕುಬಸಕ್ಕೆಂದು ಪಕ್ಕದೂರಿಗೆ ಹೋದಳು. ಮಧ್ಯಾಹ್ನ ಜನ ಊಟಕ್ಕೆ ಕೂತಿದ್ದಾಗ ವಾಮನರಾಯರೆಂಬ ಹಿರಿಯರೊಬ್ಬರು ಬಂದರು. ರಸ್ತೆ ಬದಿಯ ವಿಚಿತ್ರ ಹೋಟೆಲುಗಳ ಮೇಲೆ ಅವರೊಂದು ಪುಸ್ತಕ ಬರೆಯುತ್ತಿದ್ದರು. ಮುಂದಿನ ಊರಿನಲ್ಲಿ ಹಳೇ ಬಸ್ಸಿನೊಳಗೆ ಹೋಟೆಲು ಇಟ್ಟವನನ್ನು ನೋಡಿ ಬಂದಿದ್ದರು. ಇನ್ನೆಲ್ಲೋ ದೊಡ್ಡ ಚಹಾ ಕಿಟ್ಲಿಯ ಆಕಾರದಲ್ಲಿ ಕಟ್ಟಿದ ಅಂಗಡಿ, ಮತ್ತೆಲ್ಲೋ ಗಿಳಿ ಚೀಟಿ ಎತ್ತಿಕೊಟ್ಟಿದ್ದನ್ನೇ ತಿನ್ನಬೇಕಾದ ಉಪಾಹಾರ ಗೃಹ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಕಿವಿ ಮಾತ್ರ ಮಂದ. ಬ್ಯಾಟರಿ ಉಳಿಯಲಿ ಎಂದು ಕಿವಿಯ ಮಶಿನ್ ತೆಗೆದು ಚೀಲದಲ್ಲಿ ಇಟ್ಟಿದ್ದರು.

ರಾಯರು ಊಟ ಮುಗಿಸಿ, ಕೈ ತೊಳೆಯಲು ಬಂಡೆಯ ಕಡೆಯ ಕಟ್ಟೆಗೆ ಬಂದು ನಿಂತು, ಕಿವಿ ಮಂದವಿದ್ದವರು ಮಾತಾಡುವ ಹಾಗೆ ಗಟ್ಟಿಯಾಗಿ ಕೇಳಿದರು. “ಮಂದಿ ನಿಮ್ಮ ಊಟಕ್ಕ ಬರ್ತಾರೋ, ಈ ಕಲ್ಲು ನೋಡ್ಲಿಕ್ಕೆ ಬರ್ತಾರೋ?”

ನಾನು ಮೆಲ್ಲಗೆ, “ಎರಡಕ್ಕೂ ಬರ್ತಾರ್ರೀ,” ಎಂದೆ.

“ಆಂ?”

“ಎರಡಕ್ಕೂ ಅಂದ್ನಿರಿ.”

“ಆಂ? ಏನಂದ್ರಿ?”

ನೋಡಿ, ನನಗೆ ಸಿಟ್ಟು ಬಹಳ ಬೇಗ ಬರುತ್ತದೆ. ಅದರ ಮೇಲೆ ಪುಸ್ತಕದಲ್ಲಿ ಹೆಸರು ಬರುವ ಆಸೆ. ಅಡಿಗೆ ಮಾಡುವವರು ಎಲ್ಲ ಊರಿನಲ್ಲೂ ಇರುತ್ತಾರೆ, ಬಂಡೆಯ ಎದುರಿಗೆ ಜಾಗ ಹಿಡಿದವನು ನಾನೊಬ್ಬನೇ ಎಂಬುದು ದಾಖಲಾಗಬೇಕಿತ್ತು. ಎದೆ ಸೆಟೆಸಿ ಕೂಗಿದೆ. “ಊಟದಾಗ ಏನೈತ್ರಿ ರಾಯರ! ಹಸದಾಂವ ಏನ್ ಕೊಟ್ರೂ ತಿಂತಾನ! ನನ್ನ ಹೆಂಡತಿ ಮಾಡೂ ಝುಣಕಾ ಬ್ಯಾರೇ ಊರಾಗಿದ್ರ ನಾಯೀನೂ ಮೂಸ್ತಿರಲಿಲ್ಲ! ಎಲ್ಲಾ ಈ ಕಲ್ಲಿನ ಪುಣ್ಯಾ! ನಾಳೆ ತಾಟಿನಾಗ ದನಾ ತಿನ್ನೂ ಕಣಿಕಿ ಹಾಕಿ ಕೊಟ್ರೂ ತಿಂದು, ಕೂಗಿ ಹೋಗ್ತಾರ!”

ರಾಯರು ತೃಪ್ತಿಯಿಂದ ಬರೆದುಕೊಂಡರು. ನನ್ನ ಹಿಂದೆ ತುತ್ತು ಎತ್ತಿದ ಕೈಗಳು ಅಲ್ಲೇ ನಿಂತಿದ್ದವು. ಎದುರಿನ ಕಟಿಂಗ್ ಅಂಗಡಿಯ ರಾಚಪ್ಪ ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಬಿಟ್ಟು, ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದು ತನ್ನ ಗೋಡೆ ಗಡಿಯಾರ ನೋಡಿದ. “ಹನ್ನೆರಡೂ ಮುಕ್ಕಾಲು,” ಎಂದ ಮೆಲ್ಲಗೆ. “ಚನ್ನಣ್ಣಾ, ನಾಳೆ ನನಗೊಂದು ತಾಟು ಹಿಡದಿಡು.”

ಆಗ ನನಗೆ ಅರಿವಾಯಿತು. ನಾಳೆ ಹನ್ನೆರಡೂ ಮುಕ್ಕಾಲಿಗೆ ಗುರುಸಿದ್ದವ್ವ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ.

ಸಂಜೆ ಬಸ್ಸಿಗೆ ಅವಳು ಬಂದಳು. ಮುಖ ಅರಳಿತ್ತು. ಸೆರಗಿನ ಗಂಟು ಬಿಚ್ಚಿ ನನಗೆಂದು ತಂದ ಕರ್ಚಿಕಾಯಿ ಕೊಟ್ಟಳು. “ಅಲ್ಲೆ ಎಲ್ಲಾರೂ ಹಿಡಕೊಂಡ ಬಿಟ್ರು ನೋಡ್ರಿ. ‘ಅಕ್ಕಾ, ನಿನ್ನ ಝುಣಕಾ ಒಂದು ಮಾಡಿ ತೋರ್ಸು’ ಅಂತ. ಕುಬಸದ ಮನ್ಯಾಗ ಹೋಳಿಗಿ ಬಿಟ್ಟು ಝುಣಕಾ ತಿಂದ್ರು,” ಎಂದು ಸಣ್ಣ ದನಿಯಲ್ಲಿ ನಕ್ಕಳು. ಕರ್ಚಿಕಾಯಿಯನ್ನು ನಾನು ತಿನ್ನದೆ ಕಿಸೆಗೆ ಹಾಕಿಕೊಂಡೆ.

ಬುಧವಾರ ಬೆಳಗಿನಿಂದ ಅವಳನ್ನು ಹೊರಗೆ ಕಳಿಸುವ ಹಂಚಿಕೆಯಲ್ಲೇ ಇದ್ದೆ. “ಗಿರಣಿಗೆ ಹೋಗಿ ಜ್ವಾಳಾ ಬೀಸ್ಕೊಂಡ್ ಬಾ,” ಎಂದೆ. “ಮೊನ್ನೆ ನೀವ ಬೀಸ್ಕೊಂಡ್ ಬಂದೀರಲ್ಲ, ಎರಡ ಡಬ್ಬೀ ತುಂಬೈತಿ,” ಎಂದಳು. ಬೆನ್ನು ಹಿಡಿದಿದೆ, ಊರಾಚೆಯ ವೈದ್ಯರ ಹತ್ತಿರ ಹೋಗಿ ಎಣ್ಣೆ ತಾ ಎಂದೆ. ಅವಳು ನನ್ನನ್ನು ಅಲ್ಲೇ ಬೋರಲು ಮಲಗಿಸಿ, ಒಗ್ಗರಣೆಯ ಎಣ್ಣೆಯನ್ನೇ ಬಿಸಿ ಮಾಡಿ, ರೊಟ್ಟಿ ಬಡಿಯುವ ಕೈಯಿಂದ ಹೇಗೆ ತಿಕ್ಕಿದಳೆಂದರೆ ಸುಳ್ಳು ನೋವು ಹೋಗಿ ನಿಜವಾದದ್ದು ಬಂತು. ಕುಂಟುತ್ತ ಬ್ಯಾಂಡಿನವರ ಮನೆಗೆ ಹೋದೆ. ಹನ್ನೆರಡೂ ಮುಕ್ಕಾಲಿಗೆ ನಮ್ಮ ಬಾಗಿಲಲ್ಲಿ ಐದು ನಿಮಿಷ ಜೋರಾಗಿ ಊದಿಬಿಡಿ ಎಂದು ಕೈ ಮುಗಿದೆ.

ಬ್ಯಾಂಡ್ ಮಾಸ್ತರ ಕಿವಿ ಹಿಡಿದುಕೊಂಡ. “ತಪ್ಪಾಗ್ತೈತ್ರಿ ಅಣ್ಣಾರ. ಬಂದ ಕೂಗಿನ ಮ್ಯಾಲ ಊದಬಾರದು. ನಿಮ್ಮ ಗ್ವಾಡೀ ಮ್ಯಾಲ ನೀವ ಬರಸೀರಿ.” ಸ್ವಲ್ಪ ತಡೆದು, “ಮತ್ತ ನಾವೂ ಕೇಳಾಕ ಬರಾಕತ್ತೇವ್ರಿ,” ಎಂದ.

ಹನ್ನೆರಡೂವರೆಗೆ ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾಚಪ್ಪ ಮೊದಲ ಸಾಲಿನಲ್ಲೇ ಕೂತಿದ್ದ. ಮಾಬೂಸಾಬ ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಗೋಡೆಗೆ ಒರಗಿದ್ದ. ಗುರುಸಿದ್ದವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಇಣುಕಿ ನನ್ನನ್ನು ಕರೆದಳು. “ಇವತ್ತೇನ್ರಿ ಇಷ್ಟು ಮಂದಿ? ನಾ ಒಂದಿನ ಇರಲಿಲ್ಲಂತ ಹಿಂಗ ಬಂದಾರೇನು?” ಅವಳ ಕಣ್ಣು ಹೊಳೆಯುತ್ತಿತ್ತು. ಆಗಲಾದರೂ ಕಾಲು ಹಿಡಿದು ಹೇಳಿಬಿಡಬೇಕಿತ್ತು. ಎರಡು ಬೆರಳು ಎತ್ತಿ ಎರಡು ಊಟ ಎಂದು ತೋರಿಸಿದೆ.

ಮೊದಲು ರಾಯರ ಪ್ರಶ್ನೆ ಬಂತು, ಆಮೇಲೆ ಅವರ “ಆಂ?” ಬಂತು. ನಂತರ ಇನ್ನೊಂದು “ಆಂ? ಏನಂದ್ರಿ?” ರಾಯರು ಅಲ್ಲೇ ಒಂದು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರು, ಅವರಿಗೇನೂ ಕೇಳಿಸಲಿಲ್ಲ. ಆಮೇಲೆ ನನ್ನ ದನಿ. ಬಂಡೆಯ ಹತ್ತಿರ ದಯೆ ದಾಕ್ಷಿಣ್ಯ ಇಲ್ಲ. ನಾಯಿ, ಝುಣಕ, ಕಲ್ಲಿನ ಪುಣ್ಯ, ಕಣಿಕಿ, ಎಲ್ಲ ಬಂತು. ಜನ ತಾಟಿನ ಮೇಲಿನ ಕಣ್ಣು ಎತ್ತಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ನನ್ನ ಕೂಗು, ನಾನು ಅಲ್ಲೇ ಇದ್ದೇನೆ, ರೂಢಿಯಂತೆ ನಾನೇ ‘ಓ’ ಅನ್ನಬೇಕಿತ್ತು. ನಾನು ನೆಲ ನೋಡುತ್ತಿದ್ದಾಗ ಅಡಿಗೆ ಮನೆಯಿಂದ, ದಿನಾ ಯಾರ್ಯಾರಿಗೋ ಅನ್ನುವ ಅದೇ ಮೆಲು ದನಿಯಲ್ಲಿ ಬಂತು. “ಓ.”

ಅಷ್ಟೇ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಕೂಗಿ ಬಿಟ್ಟುಹೋದ ಯಾವನೋ ದಾರಿಹೋಕನ ಲೆಕ್ಕದಲ್ಲಿ ನನ್ನನ್ನು ಅವಳು ಸೇರಿಸಿಬಿಟ್ಟಿದ್ದಳು. ಜನ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ನಗಲಿಕ್ಕೆಂದೇ ಬಂದ ರಾಚಪ್ಪನೂ ಸುಮ್ಮನೆ ಕೈ ತೊಳೆದು ಹೋದ. ನಕ್ಕಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಂದು ಸಂಜೆ ಅವಳು ಒಲೆಯ ಮೇಲಿನ ರೊಟ್ಟಿ ಹಂಚು ಕೆಳಗಿಳಿಸಿ, ಕೈ ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಂದು, “ನಾಳಿಂದ ನಿಮ್ಮ ಕಲ್ಲ ಅಡಗೀ ಮಾಡ್ಲಿ,” ಎಂದಳು.

ಗುರುವಾರ ಬೆಳಗ್ಗೆ ಒಳ್ಳೆಯ ಇಳಕಲ್ ಸೀರೆ ಉಟ್ಟು ಹೊರಗಿನ ಕಟ್ಟೆಯ ಮೇಲೆ ದಾರಿಹೋಕರ ನಡುವೆ ಕೂತಳು. ಮನೆಗೆ ಬಂದ ಬೀಗರಂತೆ ಆಚೆ ಈಚೆ ನೋಡಿದಳು. ಬಿಟ್ಟುಹೋದ ಕೂಗುಗಳಿಗೆ ಅಲ್ಲಿಂದಲೇ ‘ಓ’ ಅಂದಳು, ಅದನ್ನು ಮಾತ್ರ ನಿಲ್ಲಿಸಲಿಲ್ಲ. ಅಡಿಗೆಗೆ ನಾನು ನಿಂತೆ. ಬಡಿದ ರೊಟ್ಟಿ ಒಂದೊಂದೂ ಒಂದೊಂದು ದೇಶದ ನಕಾಶೆಯಾಯಿತು. ಝುಣಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಹಿಟ್ಟಿನ ಗಂಟುಗಳು ಬಿದ್ದವು. ಒಂದು ಬಸ್ಸಿನ ಜನ ಬಂದರು, ಬಂಡೆಯ ಮುಂದೆ ಕೂಗಿದರು, ಒಳಗೆ ಬಂದು ವಾಸನೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ದನಿಗೂ ಕಾಯದೆ ಮುಂದಿನ ಊರಿನ ಹಳೇ ಬಸ್ಸಿನ ಹೋಟೆಲಿಗೆ ಹೋದರು. ಶುಕ್ರವಾರ ಇನ್ನೆರಡು ಬಸ್ಸುಗಳು ಹಾಗೇ ಹೋದವು. ಉಳಿದ ಝುಣಕವನ್ನು ಓಣಿಯ ನಾಯಿಯ ಮುಂದೆ ಹಾಕಿದೆ. ಅದು ದೂರದಿಂದಲೇ ನೋಡಿ, ನನ್ನ ಮುಖವನ್ನೂ ಒಮ್ಮೆ ನೋಡಿ, ಮೂಸದೆ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನ ಒಲೆ ಅಟ್ಟ ಮೇಲೂ ಉರಿಯಲಿಲ್ಲ, ಹೊಗೆ ಮಾತ್ರ ಬಂತು.

ಶನಿವಾರ ಅವಳೇ ಒಳಗೆ ಬಂದಳು. ಪ್ರಾಣ ಬಂದಂತಾಗಿ ತಾಟಿನ ಮುಂದೆ ಕೂತೆ. ಅವಳು ಜೋಳದ ಕಣಿಕಿಯನ್ನು ಸಣ್ಣಗೆ ಕತ್ತರಿಸಿ, ತಾಟಿಗೆ ಹಾಕಿ, ಪಕ್ಕದಲ್ಲಿ ಒಂದು ಹಸಿಮೆಣಸಿನಕಾಯಿಯನ್ನೂ ಇಟ್ಟು, “ತಿಂದು ಕೂಗ್ರಿ,” ಎಂದು ಹೊರಟುಹೋದಳು.

ತಪ್ಪು ಒಪ್ಪಿಕೊಳ್ಳಬೇಕೆಂದು ಆಗಲೇ ನಿರ್ಧರಿಸಿದೆ. ಆದರೆ ಮಾನ ಹೋಗಬಾರದು. ಮಧ್ಯಾಹ್ನ ಮೂರು ಗಂಟೆಗೆ ಲಾಡ್ಜಿನವರೆಲ್ಲ ಮಲಗಿರುತ್ತಾರೆ, ರಾಚಪ್ಪ ತನ್ನ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿರುತ್ತಾನೆ. ಆಗ ಹೋಗಿ ಬಂಡೆಯ ಮುಂದೆ ನಿಂತು, “ತಪ್ಪಾತು!” ಎಂದು ಕೂಗಿ ಬಂದೆ. ಭಾನುವಾರ ಮೂರು ಗಂಟೆಗೆ ಅವಳನ್ನು ಕರೆದುಕೊಂಡು ಹೋಗಿ ನಿಲ್ಲಿಸಿದೆ. “ತಪ್ಪಾತು” ಬಂತು. ಹಲ್ಲುನೋವಿನವನು ಕನಸಿನಲ್ಲಿ ಕನವರಿಸಿದ ಹಾಗಿತ್ತು.

ಅವಳು ಬಂಡೆಯನ್ನೂ ನನ್ನನ್ನೂ ನೋಡಿದಳು. “ಹೆಸರಿಲ್ಲ, ಊರಿಲ್ಲ. ಯಾರ ತಪ್ಪು, ಏನ್ ತಪ್ಪು? ಯಾವನೋ ಲಾರಿ ಡ್ರೈವರ್ ಕೂಗಿ ಹೋಗ್ಯಾನ, ಪಾಪ,” ಎಂದಳು. ಬಂಡೆಯ ಕಡೆ ತಿರುಗಿ, “ಓ,” ಎಂದಳು.

“ಅದು ನಾನ ಕೂಗಿದ್ದು, ಗುರುಸಿದ್ದೀ.”

“ಬೈಯೂದು ಊಟದ ಹೊತ್ತಿಗೆ, ಊರಿಗೆಲ್ಲಾ ಕೇಳೂ ಹಂಗ. ತಪ್ಪಾತು ಅನ್ನೂದು ಮಂದಿ ಮಲಗಿದಾಗೇನ್ರಿ?” ಅವಳು ಖಾನಾವಳಿಯ ಬಾಗಿಲ ಕಡೆ ಕೈ ತೋರಿಸಿದಳು. “ಅವತ್ತು ಅಷ್ಟು ಮಂದಿ ನೋಡಿ ನನ್ನ ಊಟಕ್ಕ ಬಂದಾರಂತ ತಿಳದಿದ್ನಿ. ನೀವು ಬಾಗಲದಾಗ ನಿಂತು ಬೆರಳು ತೋರಿಸಿದ್ರಿ.”

ನಾಯಿ, ಝುಣಕ ಎಂದಿದ್ದನ್ನು ಅವಳು ನುಂಗಿಕೊಂಡಿರಬಹುದು, ಆ ಎರಡು ಬೆರಳನ್ನು ನುಂಗಿಕೊಂಡಿರಲಿಲ್ಲ. ಇನ್ನು ಅವಳು ಆ ಕಟ್ಟೆಯಿಂದ ಎದ್ದು ತಂಗಿಯ ಊರಿನ ಬಸ್ಸು ಹತ್ತಿದರೆ ತಡೆಯಲು ನನಗೆ ಯಾವ ಮುಖವಿದೆ ಎಂದು ಹೆದರಿಕೆಯಾಯಿತು. ಖಾನಾವಳಿ ಮುಚ್ಚಿದರೂ ಬದುಕಬಹುದು. ಅವಳಿಲ್ಲದ ಮನೆಯಲ್ಲಿ ನನಗೆ ಒಂದು ದಿನ ಕಳೆಯಲಿಕ್ಕೂ ಬರುವುದಿಲ್ಲ.

ಸೋಮವಾರ ಹನ್ನೆರಡೂವರೆಗೇ ಹೋಗಿ ಬಂಡೆಯ ಮುಂದೆ ನಿಂತೆ. ರಾಚಪ್ಪ ಹೊರಗೆ ಬಂದ. ಮಾಬೂಸಾಬ ಅಂದು ಕೂಗುವ ದಿನವಾದರೂ ಬಾಯಿ ಮುಚ್ಚಿಕೊಂಡು ಗಾಡಿ ನಿಲ್ಲಿಸಿದ. ಲಾಡ್ಜುಗಳ ಕಿಟಕಿ ತೆರೆದವು. ಗುರುಸಿದ್ದವ್ವ ಕಟ್ಟೆಯ ಮೇಲೆ ಇಳಕಲ್ ಸೀರೆಯಲ್ಲಿ ಕೂತಿದ್ದಳು. ಮುಕ್ಕಾಲಾದ ಕೂಡಲೇ ಶುರು ಮಾಡಿದೆ.

“ನಾನು ಚನ್ನವೀರಪ್ಪ! ಕೂಗುಬಂಡೆ ಖಾನಾವಳಿ ಚನ್ನವೀರಪ್ಪ! ನನ್ನ ಹೆಂಡತಿ ಗುರುಸಿದ್ದವ್ವನ ಅಡಗೀ ಬಗ್ಗೆ ನಾ ಅಂದದ್ದೆಲ್ಲಾ ಸುಳ್ಳು! ನಾನೂ ಅಡಗೀ ಮಾಡಿ ನೋಡೀನಿ, ನಾಯಿ ಮೂಸದ ಝುಣಕಾ ನಂದು! ಮಂದಿ ಕಲ್ಲು ನೋಡಾಕ ಒಮ್ಮೆ ಬರ್ತಾರ, ಎರಡನೇ ಸಲ ಬರೂದು ಅಕೀ ರೊಟ್ಟಿಗೆ! ಬೋರ್ಡಿನ ಮ್ಯಾಲ ಜಾಗಾ ಇತ್ತು! ನಾನ ಬರಸಲಿಲ್ಲ! ತಪ್ಪಾತು ಗುರುಸಿದ್ದೀ!” ಇಷ್ಟನ್ನು ರಾತ್ರಿ ಬಾಯಿಪಾಠ ಮಾಡಿಕೊಂಡಿದ್ದೆ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಐದು ದಿನದಿಂದ ನನ್ನ ಅಡಿಗೆಯನ್ನೇ ತಿಂದಿದ್ದೆನಲ್ಲ, ತಡೆಯಲಾಗಲಿಲ್ಲ. “ನನಗ ಹಸಿವಾಗೈತಿ!” ಎಂದು ಕೂಗಿಬಿಟ್ಟೆ. ಕೊನೆಯಲ್ಲಿ ದನಿ ಒಡೆದು ಅಳುವಾಯಿತು.

ಕಟ್ಟೆಯ ಮೇಲಿಂದ ಎದ್ದು ಬಂದ ಅವಳು ನನ್ನ ಪಕ್ಕದಲ್ಲಿ ನಿಂತು, ಕಿವಿಯಲ್ಲಿ, “ಇವತ್ತು ಆಡೂದು ಯಾರಿಗಾದ್ರೂ ಬರ್ತೈತಿ. ನಾಳೆ ಅದು ತಿರುಗಿ ಬಂದಾಗ ನೋಡೂಣು,” ಎಂದಳು.

ಮಂಗಳವಾರ ಬೆಳಗ್ಗೆ ಅಡಿಗೆ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಎಚ್ಚರವಾಯಿತು. ಮಾತಿಲ್ಲ, ಕಥೆಯಿಲ್ಲ, ಹಳೆಯ ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೋದ ವಾರದಷ್ಟೇ ಜನ. ಈ ಸಲ ಉಣ್ಣುತ್ತಲೂ ಇದ್ದರು, ಕೆಲವರು ಎರಡನೇ ಸಲ ಝುಣಕ ಕೇಳುತ್ತಿದ್ದರು. ನಾನು ಮಾತ್ರ ಒಂದು ಮೂಲೆಯ ಬೆಂಚಿನ ಮೇಲೆ ಖಾಲಿ ಕೂತಿದ್ದೆ.

ಹನ್ನೆರಡೂ ಮುಕ್ಕಾಲಿಗೆ ನನ್ನ ಕೂಗು ಬಂತು. ಬೇರೆಯವರಿಗೆ ಹೇಳುತ್ತಿದ್ದ ಮಾತು ನನಗೂ ಸತ್ಯವಾಯಿತು, ನನ್ನ ದನಿ ನನಗೆ ಒಂದಿಷ್ಟೂ ಹಿಡಿಸಲಿಲ್ಲ. ನಾಯಿ ಮೂಸದ ಝುಣಕ ಬಂತು, ಬೋರ್ಡಿನ ಜಾಗ ಬಂತು, ಕೊನೆಗೆ ಆ ಹಸಿವು, ಅಳು ಸಮೇತ ಬಂತು. ರೊಟ್ಟಿ ಬಡಿಯುವ ಸದ್ದು ನಿಂತಿತು. ಎಲ್ಲರ ಕಿವಿ ಅಡಿಗೆ ಮನೆಯ ಕಡೆಗೆ. ಅಲ್ಲಿಂದ ಈಗ ‘ಓ’ ಬಂದರೆ ನನ್ನ ಕಥೆ ಮುಗಿಯಿತು ಎಂದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಅವಳಿಗಿಂತ ಮೊದಲು ನಾನೇ ಎದ್ದು ನಿಂತು, ಗಂಟಲು ಹರಿಯುವ ಹಾಗೆ, “ಓ!” ಎಂದೆ.

ಒಳಗಿನಿಂದ ‘ಓ’ ಬರಲಿಲ್ಲ. ಗುರುಸಿದ್ದವ್ವ ತಾನೇ ತಾಟು ಹಿಡಿದುಕೊಂಡು ಹೊರಗೆ ಬಂದಳು. ಬಿಸಿ ರೊಟ್ಟಿ, ಝುಣಕ, ಮೇಲೆ ಹಸಿ ಉಳ್ಳಾಗಡ್ಡಿ. ಅದನ್ನು ನನ್ನ ಮುಂದೆ ಇಟ್ಟು, ಮೂವತ್ತು ವರ್ಷದಲ್ಲಿ ಮೊದಲ ಸಲ ಊಟದ ಹೊತ್ತಿನಲ್ಲಿ ಎದುರಿನ ಬೆಂಚಿನ ಮೇಲೆ ಕೂತಳು.

“ಅಷ್ಟು ಗಟ್ಟಿಯಾಗಿ ಯಾಕಂದ್ರಿ?” ಎಂದಳು ಕಿವಿಯ ಹತ್ತಿರ ಬಾಗಿ. “ನಾಳೆ ಇದೂ ಬರ್ತೈತಿ. ಅದಕ್ಕ ಯಾರು ಓ ಅನಬೇಕು?”

“ನಾನ ಅಂತೀನಿ. ಇಲ್ಲೇ ಇರ್ತೀನಲ್ಲ,” ಎಂದೆ, ಮೆಲ್ಲಗೆ. ಆಮೇಲೆ ರೊಟ್ಟಿ ಮುರಿದೆ.